ಗೂಬೆ ಬರುವ ಮೊದಲಿನ ಚಿತ್ರ

ಕರಡಯ್ಯ ಎಂಬ ಹೆಸರಿಟ್ಟವರು ಮುದ್ರಣಾಲಯದವರು. ಮೂವತ್ತೊಂದು ವರ್ಷ ಅಲ್ಲಿ ಕೂತು ಕರಡು ತಿದ್ದಿದ ಮನುಷ್ಯ. ಒಂದು ಕೊಂಬು, ಒಂದು ಸೊನ್ನೆ ಬಿಟ್ಟುಹೋಗಿದ್ದರೂ ಅವರ ಕಣ್ಣಿಗೆ ಮಣ್ಣೆರಚಲು ಸಾಧ್ಯವಿರಲಿಲ್ಲ. ನಿವೃತ್ತರಾದ ಮೇಲೆ ಆ ಕಣ್ಣು ಮನೆಯ ಮೇಲೆ ಬಿತ್ತು. ಡಬ್ಬಿಯ ಮುಚ್ಚಳ ಓರೆ, ಗಡಿಯಾರ ಓರೆ, ಒಣಗಿಸಿದ ಬಟ್ಟೆ ಓರೆ. ಹೆಂಡತಿಗೆ ತಲೆ ಚಿಟ್ಟು ಹಿಡಿದುಹೋಯಿತು. "ಆ ಕಣ್ಣನ್ನ ದಿನಾ ಒಂದೆರಡು ಗಂಟೆ ಹೊರಗೆ ತಿರುಗಾಡಿಸ್ಕೊಂಡು ಬನ್ನಿ ಮಹಾನುಭಾವ" ಎಂದು ಆಕೆಯೇ ಕ್ಯಾಮೆರಾ ಕೊಡಿಸಿದಳು.

ಅಲ್ಲಿಂದ ಹಕ್ಕಿಯ ಹುಚ್ಚು ಶುರುವಾಯಿತು. ಅದೂ ಎಂಥ ಹಕ್ಕಿ? ಬೆಳಕಿದ್ದಾಗ ಬರುವ ಹಕ್ಕಿಯನ್ನು ಯಾರು ಬೇಕಾದರೂ ತೆಗೆಯುತ್ತಾರೆ ಎಂಬ ಜಂಬ ಅವರಿಗೆ. ಹಳೆಯ ಇಟ್ಟಿಗೆ ಗೂಡಿನ ಹಿಂದೆ ಒಂದು ಪೊಟರೆ ಮರವಿತ್ತು. ಸೂರ್ಯ ಮುಳುಗಿ ಹತ್ತು ನಿಮಿಷಕ್ಕೆ ಅದರಿಂದ ಒಂದು ಪುಟ್ಟ ಗೂಬೆ ಹೊರಬಂದು, ಸೊಂಟದೆತ್ತರದ ಮುರುಕು ಬೇಲಿಗೂಟದ ಮೇಲೆ ಕೂರುತ್ತಿತ್ತು. ಫ್ಲ್ಯಾಶ್ ಹಾಕಿದರೆ ಅದರ ಕಣ್ಣಿಗೆ ಪೆಟ್ಟು ಎಂದು ಕರಡಯ್ಯ ಅದನ್ನು ಮುಟ್ಟಿದವರಲ್ಲ. ಆದರೆ ಆ ಮಬ್ಬಿನಲ್ಲಿ ಬೂದು ಗೂಟದ ಮೇಲಿನ ಬೂದು ಹಕ್ಕಿ ಕ್ಯಾಮೆರಾದ ಹಿಡಿತಕ್ಕೆ ಸಿಗುತ್ತಿರಲಿಲ್ಲ. ಲೆನ್ಸು ಹಿಂದೆ ಮುಂದೆ ಒದ್ದಾಡುವಷ್ಟರಲ್ಲಿ ಗೂಬೆ ಹಾರಿಯೇ ಹೋಗುತ್ತಿತ್ತು.

ಇದಕ್ಕೆ ಅವರೊಂದು ಉಪಾಯ ಮಾಡಿದರು. ಗೂಬೆ ಬರುವ ಮೊದಲು ಹೆಂಡತಿ ಗೂಟದ ಪಕ್ಕ ನಿಂತು, ದಪ್ಪ ಅಕ್ಷರದ ಒಂದು ಕರಡು ಹಾಳೆಯನ್ನು ಗೂಟದ ಮೇಲೆ ನೆಟ್ಟಗೆ ಹಿಡಿಯಬೇಕು. ಬಿಳಿಯ ಮೇಲಿನ ಕಪ್ಪನ್ನು ಕ್ಯಾಮೆರಾ ತಟ್ಟನೆ ಹಿಡಿಯುತ್ತದೆ. ಒಂದು ಚಿತ್ರ ತೆಗೆದು, ಪರದೆಯಲ್ಲಿ ಹಿಗ್ಗಿಸಿ, ಅಕ್ಷರ ಓದಲು ಬಂದರೆ ದೂರ ಸರಿಹೋಯಿತೆಂದು ಲೆನ್ಸನ್ನು ಅಲ್ಲಿಗೇ ನಿಲ್ಲಿಸಿಬಿಡುವುದು. ಆಮೇಲೆ ಆಕೆ ಸದ್ದಿಲ್ಲದೆ ಬಂದು ಅವರ ಬೆನ್ನ ಹಿಂದೆ ಕೂರಬೇಕು. ಮನೆಗೆ ಬಂದ ಕೂಡಲೇ ಕರಡಯ್ಯ ಕೆಟ್ಟ ಚಿತ್ರಗಳನ್ನು ಅಳಿಸುತ್ತಿದ್ದರು. ಮೊದಲು ಅಲುಗಿದವು, ಆಮೇಲೆ ಹಾಳೆಯವು. ಆರು ವರ್ಷ ಹೀಗೇ ನಡೆಯಿತು.

ಆಮೇಲೆ ಹೆಂಡತಿ ತೀರಿಕೊಂಡಳು. ಆಸ್ಪತ್ರೆ ಸೇರಿದ ಮೇಲೆ ಹತ್ತೊಂಬತ್ತು ದಿನ, ಅಷ್ಟೇ. "ಈ ನಿಶ್ಶಕ್ತಿ ಯಾವಾಗಿಂದ?" ಎಂದು ಡಾಕ್ಟರು ಕೇಳಿದ್ದಾಗ ಕರಡಯ್ಯ, "ಒಂದು ತಿಂಗಳಿರಬಹುದು" ಎಂದಿದ್ದರು. ಮಂಚದ ಮೇಲಿದ್ದ ಆಕೆಯೂ ಹೌದೆಂದು ತಲೆಯಾಡಿಸಿದ್ದಳು. ವರದಿಗಳೆಲ್ಲ ಬಂದ ಮೇಲೆ ಡಾಕ್ಟರು, ಆರು ತಿಂಗಳು ಮುಂಚೆ ಕರೆತಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಮಗಳು ಆಗ ಗೋಡೆ ಹಿಡಿದು ನಿಂತಿದ್ದಳು.

ಆಕೆ ಹೋದ ಮೂರನೆಯ ವಾರ ಮಗಳು, "ಅಪ್ಪಾ, ಅಮ್ಮನ ಒಂದು ಒಳ್ಳೇ ಫೋಟೋ ಕೊಡಿ, ದೊಡ್ಡದು ಮಾಡ್ಸೋಣ" ಎಂದಳು. ಕರಡಯ್ಯ ಕಂಪ್ಯೂಟರಿನ ಮುಂದೆ ಕೂತರು. ಹದಿನಾರು ಸಾವಿರ ಹಕ್ಕಿಗಳಿದ್ದವು. ಹೆಂಡತಿ ಒಂದರಲ್ಲೂ ಇರಲಿಲ್ಲ. ಮಗಳು ಫೋಟೋಗೆಂದು ಫೋನು ಎತ್ತಿದರೆ ಆಕೆ ಮುಖಕ್ಕೆ ಕೈ ಅಡ್ಡ ಹಿಡಿಯುತ್ತಿದ್ದವಳು, ಅಲ್ಲಿದ್ದವೆಲ್ಲ ಅಂಗೈಗಳೇ. ಉಳಿದದ್ದು ಗುರುತಿನ ಚೀಟಿಯ ಚಿತ್ರ ಒಂದು. ಅದರಲ್ಲಿ ಆಕೆ ಠಾಣೆಯಿಂದ ಈಗಷ್ಟೇ ಬಿಡಿಸಿಕೊಂಡು ಬಂದವಳಂತಿದ್ದಳು.

ಎರಡು ಸಾವಿರ ಸಂಜೆ ಎದುರಿಗೆ ನಿಲ್ಲಿಸಿಕೊಂಡು ಎರಡು ಸಾವಿರ ಸಲ ಅಳಿಸಿದ್ದೇನೆ ಎಂಬುದು ಆಗ ಅವರಿಗೆ ಹೊಳೆಯಿತು. ಮೇಜಿನ ಖಾನೆಯಲ್ಲಿ ಒಂದು ಹಳೆಯ ಮೆಮೊರಿ ಕಾರ್ಡು ಇತ್ತು. ನಿಧಾನವಾಯಿತೆಂದು ಕಳೆದ ವರ್ಷ ಮೂಲೆಗೆಸೆದದ್ದು. ಅಳಿಸಿದ ಚಿತ್ರಗಳು ಕೆಲವೊಮ್ಮೆ ಒಳಗೇ ಉಳಿದಿರುತ್ತವೆ ಎಂದು ಯಾರೋ ಹೇಳಿದ್ದರು. ಮರುದಿನ ಕಂಪ್ಯೂಟರ್ ರಿಪೇರಿಯ ಹೆಂಗಸಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತರು. "ಒಂದು ಮುಖ ಸಿಕ್ರೆ ಸಾಕಮ್ಮ" ಎಂದರು. ಆಕೆ ಸಂಜೆಯ ಹೊತ್ತಿಗೆ ಬೇರೆ ಬೇರೆ ತಿಂಗಳಿನ ಇಪ್ಪತ್ತೇಳು ಚಿತ್ರ ಹೊರತೆಗೆದು ಕೊಟ್ಟಳು.

ಅಪ್ಪ ಮಗಳು ಒಟ್ಟಿಗೆ ನೋಡಿದರು. ಮೊದಲನೆಯದರಲ್ಲಿ ಹಾಳೆ, ಹಾಳೆಯ ಎರಡು ಅಂಚಿನಲ್ಲಿ ಎರಡು ಕೈ. ಎರಡನೆಯದೂ ಅದೇ. ಗೂಬೆಯ ಎತ್ತರಕ್ಕೆ ಹಿಡಿದ ಕ್ಯಾಮೆರಾದಲ್ಲಿ ಹೆಂಡತಿಯ ಕತ್ತಿನ ಮೇಲಿನ ಭಾಗಕ್ಕೆ ಜಾಗವೇ ಇರಲಿಲ್ಲ. ಮಗಳು ತುಟಿ ಕಚ್ಚಿಕೊಂಡು ಒಂದೊಂದೇ ಸರಿಸಿದಳು. ಹತ್ತರ ಹೊತ್ತಿಗೆ ಬೆರಳುಗಳು ಸಣ್ಣಗಾಗಿದ್ದವು. ಹದಿನೈದರಲ್ಲಿ ಉಂಗುರ ಜಾರದಂತೆ ಅದಕ್ಕೆ ದಾರ ಸುತ್ತಿತ್ತು. ಇಪ್ಪತ್ತರ ನಂತರ ಗೂಟ ಸ್ಪಷ್ಟವಾಗಿದ್ದರೂ ಅಕ್ಷರ ಓದಲು ಬರುತ್ತಿರಲಿಲ್ಲ. ಹಾಳೆ ನಡುಗಿತ್ತು.

ಕೊನೆಯದರಲ್ಲಿ ಹಾಳೆಯಿರಲಿಲ್ಲ, ಮುಖವಿತ್ತು.

ಆಕೆ ನೆಲದ ಮೇಲೆ ಕೂತು ತಲೆಯನ್ನು ಗೂಟಕ್ಕೆ ಆನಿಸಿದ್ದಳು. ಹಾಳೆ ಸಿಗದ ಕ್ಯಾಮೆರಾ ಮುಖವನ್ನೇ ಹಿಡಿದಿತ್ತು. ಕರಡಯ್ಯ ಆರು ವರ್ಷದಲ್ಲಿ ಆ ಮಬ್ಬಿನಲ್ಲಿ ತೆಗೆದ ಯಾವ ಚಿತ್ರವೂ ಅಷ್ಟು ಚೊಕ್ಕವಾಗಿ ಬಂದಿರಲಿಲ್ಲ. ರೆಪ್ಪೆಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಆಕೆ ನೇರವಾಗಿ ಅವರನ್ನೇ ನೋಡುತ್ತಿದ್ದಳು.

"ಅಯ್ಯೋ, ಅಮ್ಮ!" ಮಗಳು ನಕ್ಕಳು, ಅತ್ತಳು, ಪರದೆಯನ್ನು ಕೈಯಿಂದ ಸವರಿದಳು. "ಎಷ್ಟು ಚೆನ್ನಾಗಿದೆ ಅಪ್ಪಾ! ಇದನ್ನೇ ಮಾಡ್ಸೋಣ." ಅಷ್ಟರಲ್ಲಿ ಅವಳ ಕಣ್ಣು ಕೆಳಗಿದ್ದ ತಾರೀಖಿನ ಮೇಲೆ ಬಿತ್ತು. ಬೆರಳು ಮಡಿಸಿ ಎಣಿಸಿದಳು. ಆಸ್ಪತ್ರೆಗೆ ಸೇರಿಸುವುದಕ್ಕೆ ಎಂಟು ತಿಂಗಳ ಹಿಂದಿನದು.

"ಅಪ್ಪಾ, ಅಮ್ಮ ಯಾಕೆ ಕೆಳಗೆ ಕೂತಿದ್ದಾಳೆ?"

ಸುಳ್ಳು ಹೇಳಬಹುದಿತ್ತು. ಕತ್ತಲಾಗಿತ್ತು, ಕಾಣಿಸಲಿಲ್ಲ ಎಂದರೆ ಮಗಳು ನಂಬುತ್ತಿದ್ದಳು. ಆದರೆ ಪರದೆಯ ಮೇಲೆ ಹೆಂಡತಿ ನೋಡುತ್ತಲೇ ಇದ್ದಳು. ಕರಡಯ್ಯ ಇದ್ದದ್ದನ್ನೇ ಹೇಳಿದರು.

"ನಿಲ್ಲೋಕೆ ಆಗ್ತಿಲ್ಲ ಅಂದ್ಲು."

"ಮತ್ತೆ?"

"ಗೂಬೆ ಬರೋ ಹೊತ್ತಾಗಿತ್ತು. ಹಾಳೆ ಕಾಣಿಸ್ತಿಲ್ಲ, ಎದ್ದು ನಿಲ್ಲು ಅಂದೆ."

ಮಗಳು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು. "ನಿಂತ್ಲಾ?" ಎಂದು ಕೇಳಿದಳು.

"ಗೂಟ ಹಿಡ್ಕೊಂಡು ಎದ್ದು ನಿಂತ್ಲು," ಎಂದರು ಕರಡಯ್ಯ. "ಸಾರಿ ರೀ ಅಂದ್ಲು."