ನಾಲ್ಕನೇ ಹಂತದ ಸಂಡಾಸ

ನಮ್ಮ ಇಪ್ಪತ್ತು ಗುಂಟೆಯ ಹೊಲದಲ್ಲಿ ಎರೆಹುಳುಗಳಿಗೆ ನೆರಳಿನ ಮನೆ ಇತ್ತು, ಓತಿಕ್ಯಾತಗಳಿಗೆ ಕಲ್ಲಿನ ಗುಡ್ಡೆ ಇತ್ತು, ಗೂಡು ಕಟ್ಟದೆ ಒಂಟಿಯಾಗಿ ಅಲೆಯುವ ಜೇನ್ನೊಣಗಳಿಗೆಂದು ಬಿದಿರಿನ ಕೊಳವೆಗಳ ಒಂದು ಹೋಟೆಲೇ ಇತ್ತು. ಮನುಷ್ಯರಿಗೆ ಸಂಡಾಸ ಇರಲಿಲ್ಲ.

ಶಂಕರ್‌ಪಲ್ಲಿ ದಾಟಿ ಒಳದಾರಿ ಹಿಡಿದರೆ ಸಿಗುವ ಈ ಹೊಲವನ್ನು ಎರಡು ಮನೆಯವರು ಸೇರಿ ಕೊಂಡಿದ್ದೆವು. ಒಂದು ಮನೆ ನಾನು ಮತ್ತು ನನ್ನ ಗಂಡ ರಾಮದಾಸ. ಇನ್ನೊಂದು, ಮಾದಾಪುರದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಮೈಸೂರಿನ ಸೃಜನ್ ಮತ್ತು ಅವನ ಹೆಂಡತಿ ಮಧುರಾ. ರಾಮದಾಸ ಅಮೀರ್‌ಪೇಟೆಯ ಕೋಚಿಂಗ್ ಕ್ಲಾಸೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ. ನಾನು ಕುಡಿಯುವ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಸೂಕ್ಷ್ಮಜೀವಿಗಳನ್ನು ಎಣಿಸುತ್ತೇನೆ. ಯಾರ ಹೊಟ್ಟೆಯಿಂದ ಹೊರಟದ್ದು ಯಾರ ಕೊಡಕ್ಕೆ ಬಂದು ಸೇರಿದೆ ಎಂದು ಪತ್ತೆ ಮಾಡುವುದೇ ನನ್ನ ಹೊಟ್ಟೆಪಾಡು.

ಪರ್ಮಾಕಲ್ಚರ್ ಎಂದರೆ ಹೊಲವನ್ನು ಕಾಡಿನ ಹಾಗೆ, ತನ್ನ ಕಸ ತಾನೇ ತಿಂದು ತನ್ನ ಅನ್ನ ತಾನೇ ಬೆಳೆಯುವ ಹಾಗೆ, ಹೊಂದಿಸುವ ವಿದ್ಯೆ. ರಾಮದಾಸ ಅದನ್ನು ಹತ್ತು ದಿನದ ಶಿಬಿರದಲ್ಲಿ ಕಲಿತು ಬಂದ. ಹನ್ನೊಂದನೆಯ ದಿನದಿಂದ ನನಗೆ ಕಲಿಸತೊಡಗಿದ. ಆ ವಿದ್ಯೆಯ ಬಗ್ಗೆ ನನಗೆ ತಕರಾರಿಲ್ಲ. ನೀರು ಹಾಕದೆ ಮರದ ಹೊಟ್ಟು, ಬೂದಿ ಮುಚ್ಚಿ ವರ್ಷ ಬಿಟ್ಟರೆ ಮನುಷ್ಯನದೂ ಒಳ್ಳೆಯ ಗೊಬ್ಬರವಾಗುತ್ತದೆ ಎನ್ನುವುದಕ್ಕೆ ಬೇಕಾದರೆ ನಾನೇ ಸಹಿ ಹಾಕಿ ಕೊಡುತ್ತೇನೆ. ಅಂಥ ಸಂಡಾಸ ಕಟ್ಟುತ್ತೇವೆಂದು ಮೊದಲ ವರ್ಷದ ಯೋಜನೆಯಲ್ಲಿ ನಾಲ್ಕನೇ ಹಂತದಲ್ಲಿ ಬರೆದಿತ್ತು. ಎರಡನೆಯ ವರ್ಷವೂ ಅದು ನಾಲ್ಕನೇ ಹಂತದಲ್ಲೇ ಇತ್ತು. ನಮ್ಮ ಹೊಲದಲ್ಲಿ ಎರಡನೇ ಹಂತವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ.

ಗಂಡಸರಿಗೆ ಇದರಿಂದ ತೊಂದರೆ ಇರಲಿಲ್ಲ. ಪಡುವಣ ಬದುವಿನುದ್ದಕ್ಕೂ ಹುಣಸೆಮರಗಳಿದ್ದವು. ನಾನು, ಮಧುರಾ ಮಾತ್ರ ಹೊಲದ ದಿನ ಬೆಳಗಿನಿಂದ ಗುಟುಕು ನೀರೂ ಕುಡಿಯುತ್ತಿರಲಿಲ್ಲ. ಸಂಜೆ ವಾಪಸು ಹೋಗುವಾಗ ದಾರಿಯಲ್ಲೊಂದು ಪೆಟ್ರೋಲ್ ಬಂಕಿಗೆ ಓಡುತ್ತಿದ್ದೆವು. ಅಲ್ಲಿ ಕೀಲಿಕೈ ಕೊಡುವವನಿಗೆ ನಮ್ಮ ಮುಖ ಎಷ್ಟು ಗುರುತಾಗಿತ್ತೆಂದರೆ, ಯುಗಾದಿಗೆ ಬೇವು ಬೆಲ್ಲ ಕೊಟ್ಟಿದ್ದ. ನನಗೆ ಎರಡು ಸಲ ಉರಿಮೂತ್ರವಾಗಿ ಮಾತ್ರೆ ನುಂಗಿದ್ದೂ ಆಗಿತ್ತು.

ಆದ್ದರಿಂದ ಮೂರನೆಯ ವರ್ಷದ ಯೋಜನಾ ಸಭೆಗೆ ಹೊರಟಾಗ ಕಾರಿನಲ್ಲೇ ಹೇಳಿಬಿಟ್ಟೆ.

"ಈ ವರ್ಷ ಮೊದಲು ಸಂಡಾಸ. ಇಲ್ಲಾಂದ್ರ ಇವತ್ತಿನಿಂದ ನಾ ಹೊಲಕ್ಕ ಬರಂಗಿಲ್ರಿ. ನೀವು, ನಿಮ್ಮ ಎರೆಹುಳ, ಚೈನಿ ಮಾಡ್ರಿ."

"ಎಲ್ಲಾನೂ ಪ್ಲ್ಯಾನ್‌ನ್ಯಾಗ ಐತಿ ಕುಮುದಾ," ಅಂದ ರಾಮದಾಸ. ಹಿಂದಿನ ಸೀಟಿನಲ್ಲಿದ್ದ ಗುರುದೇವಿ ಅತ್ತೆ ಕಿಸಕ್ಕನೆ ನಕ್ಕರು.

ಗುರುದೇವಿ ಅತ್ತೆ ರಾಮದಾಸನ ತಂದೆಯ ತಂಗಿ. ಸುಲ್ತಾನ್ ಬಜಾರಿನಲ್ಲಿ ಕುಪ್ಪಸದ ಖಣ ಮಾರುವ ಅಂಗಡಿಯ ಒಡತಿ. ಗಿರಾಕಿಗಳೊಂದಿಗೆ ತೆಲುಗು, ಪೊಲೀಸರೊಂದಿಗೆ ಉರ್ದು, ರಾಮದಾಸನನ್ನು ಬೈಯುವುದಕ್ಕೆ ಮಾತ್ರ ಕನ್ನಡ. ಅಂದು ಎಳ್ಳ ಅಮಾವಾಸ್ಯೆ. ನಮ್ಮ ಯಾದಗಿರಿ ಕಡೆಯವರು ಆ ದಿನ ಮನೆಮಂದಿಯೆಲ್ಲ ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಆ ಅಡಿಗೆಯನ್ನೇ ಭೂಮಿಗೆ ಚರಗವೆಂದು ಚೆಲ್ಲಿ ಆಮೇಲೆ ತಾವು ಉಣ್ಣುತ್ತಾರೆ. ರಾಮದಾಸ ಆ ಹಬ್ಬಕ್ಕೆ ವರ್ಷದ ಯೋಜನಾ ಸಭೆಯನ್ನು ಅಂಟಿಸಿದ್ದ.

ಹೊಲ ಮುಟ್ಟಿದೊಡನೆ ಅವನು ಬೇವಿನ ಮರದ ಕೆಳಗೆ ದೊಡ್ಡ ನಕ್ಷೆ ಹಾಸಿ ನಾಲ್ಕು ಮೂಲೆಗೂ ಕಲ್ಲಿಟ್ಟ. ಬಣ್ಣ ಬಣ್ಣದ ಬಾಣಗಳು. ತರಗತಿಯ ಧ್ವನಿಯಲ್ಲಿ ಓದತೊಡಗಿದ. ಮೊದಲು ಹೊಂಡ ತೋಡುವುದು. ಹೊಂಡದ ಮಣ್ಣಿನ ಇಟ್ಟಿಗೆಯಿಂದ ಬಚ್ಚಲು, ಬಚ್ಚಲಿನ ನೀರಿಗೆ ಬಾಳೆ, ಬಾಳೆಯ ನೆರಳಿನಲ್ಲಿ ಸಂಡಾಸ. ಸಂಡಾಸದ ಗೊಬ್ಬರದಿಂದ ಬದುವಿನ ಮೇಲೆ ಹುಲ್ಲು. ಹುಲ್ಲು ಬೇರು ಬಿಟ್ಟರೆ ಮಣ್ಣು ಕೊಚ್ಚಿ ಬರುವುದಿಲ್ಲ, ಆಗ ಹೊಂಡ ತೋಡಲು ಅಡ್ಡಿಯಿಲ್ಲ.

ನಾನು ಬಾಣಗಳ ಮೇಲೆ ಬೆರಳಿಟ್ಟುಕೊಂಡು ಹೋದೆ. ಬೆರಳು ಹೊರಟಲ್ಲಿಗೇ ಬಂತು.

"ರೀ, ಇದು ಎಲ್ಲಿಂದ ಸುರು ಆಗತೈತ್ರಿ?"

"ಎಲ್ಲಿಂದಾದ್ರೂ ಸುರು ಮಾಡಬಹುದು. ಅದ ಇದರ ಚಂದ."

"ಹೊಂಡದಿಂದ ಮಾಡೂಣು?"

"ಹುಲ್ಲಿಲ್ಲದ ಹೊಂಡ ತೋಡಿದ್ರ ಒಂದ ಮಳಿಗೆ ಹೂಳು ತುಂಬತೈತಿ."

"ಹುಲ್ಲು?"

"ಗೊಬ್ಬರ ಎಲ್ಲೈತಿ?"

"ಹಂಗಾರ ಸಂಡಾಸ?"

"ನೆರಳಿಲ್ಲಲ್ಲ! ಬ್ಯಾಸಗಿ ಬಿಸಲಾಗ ಒಳಗ ಕುಂತವ್ರು ಹಪ್ಪಳ ಆಗ್ತಾರ."

ಸೃಜನ್ ನಕ್ಷೆಯ ಮೇಲೆ ಬಗ್ಗಿ ನೋಡಿದ. "ಸರ್, ನಮ್ಮಲ್ಲಿ ಇದಕ್ಕೆ ಡೆಡ್‌ಲಾಕ್ ಅಂತಾರೆ. ಎಲ್ಲಾರೂ ಎಲ್ಲಾರಿಗೋಸ್ಕರ ಕಾಯ್ತಾ ನಿಂತಿರ್ತಾರೆ."

"ಆಗ ನೀವೇನ್ ಮಾಡ್ತೀರಾ?" ಮಧುರಾ ಕೇಳಿದಳು.

"ಒಂದನ್ನ ಸಾಯಿಸ್ತೀವಿ."

"ಹಾಗಾದ್ರೆ ಹೊಂಡಾನ ಸಾಯಿಸಿ. ನಾನಂತೂ ಆ ಬಂಕಿನವನ ಮುಖ ಇನ್ನೊಂದು ವರ್ಷ ನೋಡೋಕಾಗಲ್ಲ."

ರಾಮದಾಸನಿಗೆ ನಿಜವಾಗಿಯೂ ನೋವಾಯಿತು. ಎರಡು ತಿಂಗಳ ರಾತ್ರಿಗಳನ್ನು ಅವನು ಆ ಬಾಣಗಳಿಗೆ ಕೊಟ್ಟಿದ್ದ. "ಪ್ರಕೃತಿಯೊಳಗ ಎಲ್ಲಾ ವರ್ತುಲನ ಇರತೈತಿ. ನೀವು ಸೀದಾ ಗೆರಿ ಹುಡಕಾಕತ್ತೀರಿ," ಅಂದ.

ಅತ್ತೆ ಬುತ್ತಿಯ ಗಂಟು ಬಿಚ್ಚುತ್ತಿದ್ದವರು ತಲೆ ಎತ್ತಿದರು. "ರಾಮ್ಯಾ, ಆ ವರ್ತುಲದಾಗ ನಾ ಎಲ್ಲಿ ಕುಂದರ್ಲಿ? ಅದಷ್ಟ ಹೇಳಿಬಿಡು, ಉಳಿದದ್ದು ನೀನ ಇಟ್ಗೊ."

ರಾಮದಾಸ ಕಲ್ಲು ತೆಗೆದು ನಕ್ಷೆ ಸುತ್ತಿದ. ಸಭೆಯನ್ನು ಊಟದ ನಂತರಕ್ಕೆ ಮುಂದೂಡಲಾಯಿತು. ಸಂಡಾಸಕ್ಕೆ ಮುಂದೂಡಿಸಿಕೊಳ್ಳುವುದು ಹೊಸದೇನಲ್ಲ.

ಚರಗ ಚೆಲ್ಲಿ ಬಂದು ಉಣ್ಣಲು ಕೂತೆವು. ಅತ್ತೆಯ ಭಜ್ಜಿ ಎಂದರೆ ಹಸಿ ತೊಗರಿ, ಅವರೆ, ಕಡಲೆ, ಬಟಾಣಿ, ಜೊತೆಗೆ ಸಿಕ್ಕ ಸೊಪ್ಪುಗಳೆಲ್ಲ ಒಂದೇ ಪಾತ್ರೆಯಲ್ಲಿ ಬೆಂದ ಗಟ್ಟಿ ಪಲ್ಯ. ಬಾಯಿಗೆ ಬಹಳ ರುಚಿ, ಮುಂದಿನ ಅಂಗಗಳಿಗೆ ಬಹಳ ಕೆಲಸ. ನಾನೂ ಮಧುರಾನೂ ಲೆಕ್ಕ ಹಾಕಿ ಉಂಡೆವು. ರಾಮದಾಸ ದುಃಖದಲ್ಲಿದ್ದನಾದ್ದರಿಂದ ಮೂರು ಸಲ ಬಡಿಸಿಕೊಂಡ, ಮೇಲೆ ಎರಡು ಲೋಟ ಹುಳಿ ಅಂಬಲಿ ಕುಡಿದ.

ಸ್ವಲ್ಪ ಹೊತ್ತಿಗೆ ಅವನು ಮಾತಿನ ನಡುವೆ ನಿಂತು, ನೀರಿನ ಬಾಟಲಿ ಹಿಡಿದು, ಹುಣಸೆಮರಗಳ ಕಡೆ ನಡೆದ.

ಆ ಬದುವಿನಾಚೆಯ ಜೋಳದ ಹೊಲ ಆ ವರ್ಷ ಲೇಔಟ್ ಆಗಿತ್ತು. ಕಣಿವೆ ಎಂಬುದು ಹುಡುಕಿದರೂ ಸಿಗದ ಆ ಬಯಲಿಗೆ ಯಾವುದೋ ವ್ಯಾಲಿ ಎಂದು ಹೆಸರಿಟ್ಟು, ಎತ್ತರದ ಗೋಡೆ ಎಬ್ಬಿಸಿದ್ದರು. ಆ ವಾರ ಗೋಡೆಯ ಮೇಲೊಂದು ಕಂಬ ಬಂದಿತ್ತು. ಕಂಬದ ತುದಿಯಲ್ಲಿ ಏನೋ ಬಿಳಿ ಗುಂಡಗೆ ಕಂಡದ್ದನ್ನು ನಾವು ದೀಪವೆಂದುಕೊಂಡಿದ್ದೆವು.

ರಾಮದಾಸ ಮೊದಲ ಹುಣಸೆಮರದ ಹಿಂದೆ ಮರೆಯಾದ. ಕಂಬ ಮಾತಾಡಿತು.

"ಓ ಸಾರೂ! ಆಡ ಕೂಸೋವದ್ದು! ಕೆಮೆರಾ ಉಂದಿ!"

ಅಲ್ಲಿ ಕೂಡಬೇಡಿ, ಕ್ಯಾಮೆರಾ ಇದೆ ಎಂದು ಕಾವಲುಗಾರ ಎಲ್ಲಿಂದಲೋ ಮೈಕಿನಲ್ಲಿ ಕೂಗುತ್ತಿದ್ದ. ರಾಮದಾಸ ಎದ್ದು ಎರಡನೆಯ ಮರಕ್ಕೆ ಹೋದ.

"ಆ ಚೆಟ್ಟು ಗೂಡ ಕನಬಡ್ತದಿ ಸಾರೂ!" ಆ ಮರವೂ ಕಾಣುತ್ತಿತ್ತು. ಮೂರನೆಯದೂ ಕಾಣುತ್ತಿತ್ತು. ನಾಲ್ಕನೆಯದಕ್ಕೆ ಅವನು ಕೂರುವ ಮೊದಲೇ ಕಂಬ ಬಹಳ ಮರ್ಯಾದೆಯಿಂದ "ವದ್ದು ಸಾರೂ" ಅಂದಿತು.

ಅವನು ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತ ಹಿಂದಿರುಗಿದ. ಒತ್ತಡದ ಪಾಠವನ್ನು ವರ್ಷಗಟ್ಟಲೆ ಹೇಳಿದವನ ಮುಖದಲ್ಲಿ ಮೊದಲ ಸಲ ಆ ಪಾಠ ಅರ್ಥವಾದ ಕಳೆ ಇತ್ತು.

"ಕುಮುದಾ, ಕಾರಿನ ಚಾವಿ ಕೊಡು."

"ಬಂಕ್ ಭಾಳ ದೂರ ಐತ್ರಿ. ಹಳ್ಳಾ ದಿನ್ನಿ ದಾರಿ. ಮುಟ್ಟತೀರೇನು?"

ಅವನು ಕಣ್ಣು ಮುಚ್ಚಿ ಲೆಕ್ಕ ಹಾಕಿದ. "ಮುಟ್ಟಂಗಿಲ್ಲ."

ನಾನು ಸಾಮಾನಿಡುವ ಕೊಟ್ಟಿಗೆಯಿಂದ ಗುದ್ದಲಿ ತಂದೆ. ಕೊಟ್ಟಿಗೆಯ ಹಿಂದೆ, ಮಧ್ಯಾಹ್ನದ ಹೊತ್ತಿಗೆ ಬೇವಿನ ನೆರಳು ಬೀಳುವ ಜಾಗ ನನಗೆ ಮೊದಲಿನಿಂದ ಕಣ್ಣಲ್ಲಿತ್ತು. ಈಗ ಕಂಬಕ್ಕೂ ಕೊಟ್ಟಿಗೆಯ ಗೋಡೆ ಅಡ್ಡವಾಗುತ್ತಿತ್ತು. ಬಾವಿ ಅಲ್ಲಿಂದ ದೂರ, ಇಳಿಜಾರೂ ಬಾವಿಯ ಕಡೆಗಲ್ಲ. ಲ್ಯಾಬಿನವಳಾಗಿ ಅಷ್ಟನ್ನು ನೋಡಿಕೊಂಡಿದ್ದೆ.

"ಇಲ್ಲಿ ತೋಡ್ರಿ."

"ಇದು ಕೈತೋಟದ ಜಾಗ," ಅಂದ ರಾಮದಾಸ. ಆ ಸ್ಥಿತಿಯಲ್ಲೂ ಅಂದ. "ಪುದೀನಾ ಇಲ್ಲಿ ಬರಬೇಕು."

"ಸರಿ, ಬ್ಯಾಡ ಬಿಡ್ರಿ." ಗುದ್ದಲಿ ಹಿಂದಕ್ಕೆ ತೆಗೆದುಕೊಂಡೆ.

ಅವನು ಅದನ್ನು ಕಸಿದುಕೊಂಡ. ಸೃಜನ್ ಸಲಿಕೆ ಹಿಡಿದು ಮಣ್ಣೆತ್ತತೊಡಗಿದ. ಮಧುರಾ ಅವರೆ ಚಪ್ಪರದಿಂದ ನಾಲ್ಕು ಬಿದಿರು ಕಿತ್ತು ತಂದಳು. ಅತ್ತೆ ಬುತ್ತಿ ಕಟ್ಟಿ ತಂದ ಹಳೆಯ ಸೀರೆಯನ್ನು ಬಿದಿರಿಗೆ ಸುತ್ತಿ ಗೋಡೆ ಮಾಡಿದರು. ಎರಡು ವರ್ಷದಲ್ಲಿ ನಮ್ಮ ಹೊಲದಲ್ಲಿ ಇಷ್ಟು ಬೇಗ ಯಾವ ಕೆಲಸವೂ ಮುಗಿದಿರಲಿಲ್ಲ. ರಾಮದಾಸ ಒಳಗೆ ನುಗ್ಗಲು ಹೋದಾಗ ನಾನು ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದು ನಿಂತೆ.

"ಈ ವರ್ಷದ ಮೊದಲ ಕೆಲಸ ಯಾವುದ್ರಿ?"

"ಬಿಡ ಕುಮುದಾ!"

"ಯಾವುದ್ರಿ?"

"ಸಂಡಾಸ! ಸಂಡಾಸ!"

"ಇದ ಜಾಗಾದಾಗ?"

"ಇದ ಜಾಗಾದಾಗ!"

"ಒಳಗ ಚಿಲಕ?"

"ಎರಡ ಚಿಲಕ!"

ಸೆರಗು ಬಿಟ್ಟೆ. ಅತ್ತೆ ದೂರ ನಿಂತು, "ಯವ್ವಾ, ಪಂಚಾಯ್ತಿ ಅಂದ್ರ ಹಿಂಗಿರಬೇಕು," ಅಂದರು. ಕೊಟ್ಟ ಮಾತಿನ ಆಯಸ್ಸು ಎಷ್ಟೆಂದು ನನಗೆ ಗೊತ್ತಿತ್ತು. ಆದ್ದರಿಂದ ಅವನು ಒಳಗಿರುವಾಗಲೇ ಮೌನಪ್ಪನಿಗೆ ಫೋನ್ ಮಾಡಿದೆ. ಮೌನಪ್ಪ ಸುರಪುರದ ಕಡೆಯ ಗೌಂಡಿ, ಗಾರೆ ಕೆಲಸದವ. ಅದೇ ಲೇಔಟಿನಲ್ಲಿ ಕೆಲಸಕ್ಕಿದ್ದ. ಕನ್ನಡ ಕೇಳಿಸಿತೆಂದು ಒಮ್ಮೆ ಗೋಡೆಯಾಚೆಯಿಂದ ಮಾತಾಡಿಸಿ ನಂಬರು ಕೊಟ್ಟಿದ್ದ.

ಒಬ್ಬೊಬ್ಬರಾಗಿ ಎಲ್ಲರೂ ಸೀರೆಯ ಹಿಂದೆ ಹೋಗಿ ಬಂದೆವು. ಕೊನೆಗೆ ಎಲ್ಲರೂ ಮರದ ಕೆಳಗೆ ಕೂತಾಗ ರಾಮದಾಸನ ಮುಖದಲ್ಲಿ ರಕ್ತ ಮರಳಿತ್ತು. ರಕ್ತದ ಜೊತೆಗೆ ವಿಚಾರವೂ ಮರಳಿತ್ತು.

"ನೋಡ್ರಿ, ಸೀರಿನ ಸಾಕಲ್ಲ? ಹಗುರ, ಗಾಳಿ ಆಡತೈತಿ, ಬೇಕಾದಲ್ಲಿ ಒಯ್ಯಬಹುದು. ಗೋಡಿ ಕಟ್ಟೋದು ನಾಲ್ಕನೇ ಹಂತಕ್ಕ..."

"ಸೀರಿ ನಂದು," ಅಂದರು ಅತ್ತೆ. "ಸಂಜಿಗೆ ಒಯ್ತೀನಿ."

ಅಷ್ಟರಲ್ಲಿ ಮೌನಪ್ಪ ಗೋಡೆ ಸುತ್ತಿ ಬಂದ. ಜಾಗ ನೋಡಿದ, ಕೈಯಿಂದ ಅಳೆದ, ತಲೆದೂಗಿದ. "ಅಕ್ಕಾರ, ಮಾದಾಪುರದಾಗ ಒಂದು ಫ್ಲ್ಯಾಟ್ ಒಡ್ಯಾಕತ್ತಾರ. ಗುಲಾಬಿ ಬಣ್ಣದ ಕಮೋಡ್ ಐತ್ರಿ, ಒಂದ ಚೂರು ಬಿರಕಿಲ್ಲ. ಗೋಡಿಗೆ ಟೈಲ್ಸ್ ಹೊಡದ್ರ ಮದಿವಿ ಮನಿ ಆಗತೈತಿ."

"ನೀರು ಬಿಡಂಗಿಲ್ಲ ಮೌನಪ್ಪ," ರಾಮದಾಸ ಉತ್ಸಾಹದಿಂದ ಮುಂದೆ ಬಂದ. "ಕಟ್ಟಿಗಿ ಪುಡಿ, ಬೂದಿ ಹಾಕಿ ಮುಚ್ಚೋದು."

ಮೌನಪ್ಪ ಅವನ ಕಡೆ ತಿರುಗಿದ. "ಬೆಕ್ಕಿನಂಗೇನ್ರಿ ಸಾಹೇಬ್ರ?"

ನಗು ತಡೆಯಲು ಹೋಗಿ ಮಧುರಾಳಿಗೆ ನೆತ್ತಿಗೆ ಹತ್ತಿತು. ರಾಮದಾಸ ಇಂಗಾಲ, ಸಾರಜನಕ ಎಂದು ವಿವರಿಸಿದ. ಮೌನಪ್ಪ ಇಷ್ಟು ಓದಿದವರಿಗೆ ಹೀಗಾಯಿತಲ್ಲ ಎಂಬಂತೆ ನನ್ನ ಕಡೆ ಮರುಕದಿಂದ ನೋಡಿದ. ಕೊನೆಗೆ ಒಪ್ಪಂದ ನಾನೇ ಮಾಡಿದೆ. ಒಳಗೆ ರಾಮದಾಸನ ವಿಜ್ಞಾನ, ಸುತ್ತ ಮೌನಪ್ಪನ ಸಿಮೆಂಟ್ ಇಟ್ಟಿಗೆ. ತೊಳೆದುಕೊಳ್ಳಲು ಪಕ್ಕದಲ್ಲಿ ಬೇರೆ ಮೋರಿ. ಗುಲಾಬಿ ಬಣ್ಣ ಬೇಡ.

"ಒಂದು ಕಿಡಕಿ ಇಡತೀನ್ರಿ, ದೊಡ್ಡದು. ಕುಂತಲ್ಲೇ ಹೊಲ ಕಾಣತೈತಿ," ಅಂದ ಮೌನಪ್ಪ.

"ಹೊಲಕ್ಕೂ ನಾ ಕಾಣತೀನಿ ಮೌನಪ್ಪ. ಬ್ಯಾಡ."

ಮುಂದಿನ ಭಾನುವಾರಗಳಲ್ಲಿ ಅದು ಎದ್ದಿತು. ಮೊದಲು ಮೌನಪ್ಪ ಬಾಗಿಲನ್ನು ಒಳಕ್ಕೆ ತೆರೆಯುವಂತೆ ಕೂರಿಸಿದ. ಕೂತವರ ಮೊಣಕಾಲು ಎಲ್ಲಿಡಬೇಕು ಎಂದು ಕೇಳಿದ್ದಕ್ಕೆ, ಅದನ್ನು ತಾನು ಯೋಚಿಸಿಲ್ಲ, ನಾವು ಹೇಳಲೂ ಇಲ್ಲ ಎಂದ. ತಿರುಗಿಸಿದ. ಚಿಲಕ ಹೊರಗೊಂದು ಹಾಕಿದ್ದ, ಒಳಗೆ ಹಾಕಿರಲಿಲ್ಲ. ಹೊರಗಿನದು ನಾಯಿ ಒಳಗೆ ಹೋಗದಿರಲೆಂದು ಹಾಕಿದ್ದಂತೆ. ಒಳಗಿನದಕ್ಕೆ ನಾನು ಎದುರು ನಿಂತು ಮೊಳೆ ಹೊಡೆಸಿದೆ. ಸೃಜನ್, ರಾಮದಾಸ ಇಬ್ಬರೂ ಸೇರಿ ಹೊಟ್ಟಿನ ಡಬ್ಬ, ಬೂದಿಯ ಡಬ್ಬ ತಂದಿಟ್ಟರು. ರಾಮದಾಸ ಡಬ್ಬದ ಮೇಲೆ ಪ್ರಮಾಣ ಬರೆದು ಅಂಟಿಸಲೇ ಎಂದು ಕೇಳಿದ. ಒಪ್ಪಿದೆ. ಅದು ಸರಿಯಾದ ಪ್ರಮಾಣವೇ ಆಗಿತ್ತು.

ಮುಗಿದ ದಿನ ಮೊದಲು ನಾನು ಹೋದೆ. ಬಾಗಿಲು ಎಳೆದು ಚಿಲಕ ಸರಿಸಿದೆ. ಹೊಸ ಸಿಮೆಂಟಿನ ತಂಪು, ಹೊಟ್ಟಿನ ಹಸಿ ವಾಸನೆ. ತಗಡಿನ ಮೇಲೆ ಬೇವಿನೆಲೆ ಉದುರುವ ಸದ್ದು. ಹೊರಗೆ ಗಂಡಸರು ಹೊಸ ಹಾಳೆ ಹಾಸಿಕೊಂಡು ಬಾತುಕೋಳಿಗಳ ವಿಷಯಕ್ಕೆ ಜಗಳವಾಡುತ್ತಿದ್ದರು. ಬಾತುಕೋಳಿಗೆ ಹೊಂಡ ಬೇಕು, ಹೊಂಡಕ್ಕೆ ಹುಲ್ಲು ಬೇಕು ಎಂದು ಕೇಳಿಸಿತು. ಆಮೇಲೆ ಬಾಗಿಲು ತಟ್ಟಿದ ಸದ್ದು.

"ಕುಮುದಾ, ಬಾತುಕೋಳಿ ಎಲ್ಲಿ ಇಡೂಣು? ನೀ ಹೇಳಿದಲ್ಲೇ ಇಡತೀವಿ."

"ಹೊರಗ ಬಂದು ಹೇಳ್ತೀನ್ರಿ."

"ಇನ್ನಾ ಎಷ್ಟೊತ್ತ ಆಗತೈತಿ?"

"ನನಗೇನ್ ಗೊತ್ರಿ?"

ಅವನ ಹೆಜ್ಜೆಯ ಸದ್ದು ಮರದ ಕಡೆ ಹೋಯಿತು. ನನ್ನ ಕೆಲಸ ಆಗಲೇ ಮುಗಿದು, ಅಂಟಿಸಿದ ಪ್ರಮಾಣದಂತೆ ಹೊಟ್ಟು, ಬೂದಿ ಎರಡನ್ನೂ ಹಾಕಿಯಾಗಿತ್ತು. ನಾನು ಸುಮ್ಮನೆ ಕೂತೇ ಇದ್ದೆ.