ಡ್ಯೂಟಿ ಆಂಟಿ

ನಮ್ಮ ಬೀದಿಯ ಹುಡುಗ ಹುಡುಗಿಯರ ಕ್ಲಬ್ಬು ಸೈಕಲ್ ಅಂಗಡಿಯ ಮೇಲಿದೆ. ಒಂದು ಟೇಬಲ್ ಟೆನಿಸ್ ಮೇಜು, ಕೇರಂ ಬೋರ್ಡು, ಒದ್ದರೆ ಮಾತ್ರ ಮುಚ್ಚುವ ಬೀರು. ಸಂಜೆ ಕಾವಲಿಗೆ ಪೋಷಕರು ಸರದಿಯ ಮೇಲೆ ಬರಬೇಕು. ಕ್ಲಬ್ಬು ನಡೆಸುವ ನಿವೃತ್ತ ವ್ಯಾಯಾಮ ಶಿಕ್ಷಕರಿಗೆ ಮಕ್ಕಳಿಟ್ಟ ಹೆಸರು ಸೀಟಿ ಸರ್. ನನ್ನ ಸರದಿ ಬಂದಾಗ ಅವರು ನಿಯಮ ಹೇಳಿದರು. ಇಲ್ಲಿ ಸ್ವಂತ ಮಗು ಅಂತ ಯಾರೂ ಇಲ್ಲ, ಎಲ್ಲರೂ ಸದಸ್ಯರು. ಸದಸ್ಯರು ಹೇಳಿಕೊಂಡಿದ್ದು ಅವರ ಮನೆಗೆ ಮುಟ್ಟಕೂಡದು. ನಾನು ಒಪ್ಪಿದೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲೆಲ್ಲ ನಿಂತು ಹಾಸಿಗೆ ಬಟ್ಟೆ ಇಸ್ತ್ರಿ ಮಾಡಿ ಬಂದವಳು, ಕೂರಲು ಕುರ್ಚಿ ಕೊಟ್ಟರೆ ಯಾವ ನಿಯಮಕ್ಕಾದರೂ ಒಪ್ಪುತ್ತಾಳೆ.

ಮಗಳು ಕಣ್ಣು ಮಿಟುಕಿಸದೆ ನನ್ನನ್ನು ಆಂಟಿ ಎಂದಳು.

ಮನೆಯಲ್ಲಿ ಅವಳ ಮಾತು ಹೂಂ, ಊಹೂಂಗಳಲ್ಲೇ ಮುಗಿಯುತ್ತದೆ. ಇಲ್ಲಿ ಅವಳು ಟೇಬಲ್ ಟೆನಿಸ್ಸಿಗೆ ಅಂಪೈರು. ಅವಳಿಗಿಂತ ಒಂದು ತಲೆ ಎತ್ತರದ ಹುಡುಗ ಚೆಂಡು ಅಂಚಿಗೆ ತಾಗಿತೆಂದು ತಗಾದೆ ತೆಗೆದ. ತಾಗಿಲ್ಲ ಎಂದಳು. ಅವನು ಸಾರಿ ಕೇಳಿ ಆಟಕ್ಕೆ ಮರಳಿದ. ನನಗೆ ಯಾರೂ ಅಷ್ಟು ಬೇಗ ಸಾರಿ ಕೇಳಿದ್ದಿಲ್ಲ.

ಆಟ ಮುಗಿಸಿ ಬಂದು ನನ್ನ ಪಕ್ಕ ಕೂತಳು.

"ಆಂಟಿ, ಒಂದು ಸಲಹೆ ಬೇಕಿತ್ತು. ನಮ್ಮಮ್ಮನಿಗೊಂದು ವಿಷಯ ಹೇಳ್ಬೇಕು."

ಏನು ಕತ್ತೆ ಎನ್ನಲು ಬಾಯಿ ತೆರೆದಿದ್ದೆ. ಹೇಳಮ್ಮಾ ಎಂದೆ.

ಶನಿವಾರ ನರ್ಸಿಂಗ್ ಕಾಲೇಜಿನ ಸಂದರ್ಶನವಂತೆ. ಅದೇ ಹೊತ್ತಿಗೆ ಅಂಪೈರ್ ಪರೀಕ್ಷೆಯೂ ಇದೆಯಂತೆ. ಅದು ಪಾಸಾದರೆ ಕ್ರೀಡಾ ತರಬೇತಿಯ ಕೋರ್ಸಿಗೆ ಸೇರಬಹುದು. ಅವಳಿಗೆ ಬೇಕಾದದ್ದು ಅದು. ರಕ್ತ ಕಂಡರೆ ಕೈಕಾಲು ತಣ್ಣಗಾಗುತ್ತವಂತೆ. ಆದರೆ ನರ್ಸಿಂಗ್ ಸೀಟಿಗಾಗಿ ಅವರಮ್ಮ ತಮ್ಮ ಆಸ್ಪತ್ರೆಯ ಮುಖ್ಯ ನರ್ಸಿನ ಹಿಂದೆ ವರ್ಷದಿಂದ ಅಲೆದಿದ್ದಾರೆ. ಅದೂ ನಿಜ, ಕಾಲು ಹಿಡಿಯುವುದೊಂದು ಬಾಕಿ ಇತ್ತು.

"ನಿಮ್ಮಮ್ಮ ಎಂಥವ್ರು?" ಎಂದು ಕೇಳಿದೆ. ಡ್ಯೂಟಿಯಲ್ಲಿರುವವರು ಕೇಳಲೇಬೇಕಾದ ಪ್ರಶ್ನೆ.

"ಒಳ್ಳೇವ್ರೇ. ನಾವು ಮಾತು ಶುರು ಮಾಡೋದ್ರೊಳಗೆ ಅವರು ತೀರ್ಪು ಕೊಟ್ಟಿರ್ತಾರೆ. ತುಂಬಾ ಸುಸ್ತಾಗಿರ್ತಾರೆ, ಪಾಪ."

ಪಾಪ ಎನ್ನುವುದನ್ನು ನಾನು ನಿರೀಕ್ಷಿಸಿರಲಿಲ್ಲ. ಯಾರದೋ ಮಗಳು ಕೇಳಿದ್ದರೆ ಏನು ಹೇಳುತ್ತಿದ್ದೆನೋ ಅದನ್ನೇ ಹೇಳಿದೆ. ಇವತ್ತೇ ಹೇಳು, ಅವರು ಅಡ್ಡ ಬಾಯಿ ಹಾಕಿದರೆ ನಿಲ್ಲಿಸಬೇಡ, ರಕ್ತ ಕಂಡು ಬೀಳುವ ನರ್ಸು ರೋಗಿಗೂ ಬೇಡ.

ಮನೆಗೆ ಬೇರೆ ಬೇರೆಯಾಗಿ ಹೋದೆವು. ಊಟ ಬಡಿಸುವಾಗ ಅವಳು ಎಲ್ಲವನ್ನೂ ಹೇಳಿದಳು, ಒಂದು ಮಾತೂ ಬಿಡದೆ. ನಾನು ಅಷ್ಟೂ ಹೊಸದಾಗಿ ಕೇಳಬೇಕಾಯಿತು. ಒಂದೇ ಸಲಕ್ಕೆ ಒಪ್ಪಿದರೆ ಕ್ಲಬ್ಬಿನ ಮಾತು ಮನೆಗೆ ಮುಟ್ಟಿದಂತಾಗುತ್ತದೆ. ಹಾಗಾಗಿ ಬೈಯಲು ಶುರು ಮಾಡಿದೆ, ಅಂಕ ಕೂಗಿದರೆ ಹೊಟ್ಟೆ ತುಂಬುತ್ತದೆಯೇ ಎಂದೆ. ಬೈಯುತ್ತಾ ಬೈಯುತ್ತಾ ನಿಜವಾಗಿಯೇ ಸಿಟ್ಟು ಬಂತು.

"ಯಾರೇ ನಿನಗೆ ಇದನ್ನೆಲ್ಲ ಹೇಳ್ಕೊಟ್ಟವರು?"

"ಕ್ಲಬ್ಬಲ್ಲಿ ಒಬ್ಬರು ಆಂಟಿ ಇದ್ದಾರೆ."

"ಅವಳಿಗೇನು, ಪುಕ್ಕಟೆ ಬುದ್ಧಿ. ಅವಳ ಮಗಳೇ ಆಗಿದ್ರೆ ಹೇಳ್ತಿದ್ಲಾ?"

"ಗೊತ್ತಿಲ್ಲಮ್ಮ. ನೀನೇ ಹೇಳು."

ಅವಳು ಅಲ್ಲೇ ನಿಂತಿದ್ದಳು, ತಟ್ಟೆ ಹಿಡಿದುಕೊಂಡು. ಅವಳ ಕಣ್ಣು ತಟ್ಟೆಯ ಮೇಲಿತ್ತು. ಕ್ಲಬ್ಬಿನಲ್ಲಿ ಆ ಎತ್ತರದ ಹುಡುಗನ ಮುಂದೆ ಕಣ್ಣು ತಗ್ಗಿಸಿರಲಿಲ್ಲ. ಶನಿವಾರ ಪರೀಕ್ಷೆಗೆ ಹೋಗು ಎಂದೆ.

ಮರುದಿನ ಮುಖ್ಯ ನರ್ಸಿಗೆ ಸೀಟು ಬೇಡವೆಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಇದಕ್ಕಾಗಿ ಎಷ್ಟು ಹುಡುಗಿಯರು ಕಾದಿದ್ದಾರೆ ಗೊತ್ತೇ ಎಂದರು, ಯಾರು ಮಗುವಿನ ತಲೆ ಕೆಡಿಸಿದವರು ಎಂದರು.

"ನಾನೇ" ಎಂದೆ. ಬಟ್ಟೆ ಗಾಡಿ ದಾರಿಗೆ ಅಡ್ಡ ನಿಂತಿತ್ತು, ತಳ್ಳಿಕೊಂಡು ಹೋದೆ.