ರುಚಿ ನೋಡುವ ಕೆಲಸ

ನಮ್ಮ ಮಾವನವರಿಗೆ ಸಕ್ಕರೆ ಕಾಯಿಲೆ ಇದೆ ಎಂದರೆ ಅವರು ಒಪ್ಪುವುದಿಲ್ಲ. "ಕಾಯಿಲೆ ಅಲ್ಲಮ್ಮ, ಸ್ವಲ್ಪ ಸಕ್ಕರೆ ಜಾಸ್ತಿ" ಎನ್ನುತ್ತಾರೆ, ಚಹಾದ ವಿಷಯ ಮಾತಾಡುವವರ ಹಾಗೆ. ಆಯುಷ್ಯವೆಲ್ಲ ಬೇಕರಿಯ ಒಲೆಯ ಮುಂದೆ ನಿಂತ ಮನುಷ್ಯ. ಸಕ್ಕರೆಯ ಬಗ್ಗೆ ಅವರಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಗೋಡೆಯಾದರೂ ಎದುರುತ್ತರ ಕೊಡುವುದಿಲ್ಲ.

ಅವರ ಎರಡು ಕಣ್ಣಿಗೂ ಪೊರೆ ಬಂದಿತ್ತು. ಬಾಗಿಲು ಯಾವುದು, ಬೀರು ಯಾವುದು ಎಂದು ಕೈಯಾಡಿಸಿ ತಿಳಿಯುವ ಹಂತಕ್ಕೆ ಬಂದಿದ್ದರು. ಒಮ್ಮೆ ನನ್ನ ಸೀರೆ ಒಣಹಾಕಿದ್ದ ಕುರ್ಚಿಯ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದ್ದರು. "ಇವತ್ತು ಯಾಕೋ ಸೊಸೆ ಬೈಯ್ಲೇ ಇಲ್ಲ" ಎಂದು ಆಮೇಲೆ ಸಂತೋಷಪಟ್ಟರು. ನಗಬೇಕೋ ಅಳಬೇಕೋ ತಿಳಿಯದೆ ನಾನು ನಕ್ಕೆ.

ಆಸ್ಪತ್ರೆಯಲ್ಲಿ ಪೊರೆ ತೆಗೆಯುವುದು ಉಚಿತ. ಆದರೆ ನರ್ಸಮ್ಮ ಅವರ ಬೆರಳು ಚುಚ್ಚಿ, ಯಂತ್ರ ನೋಡಿ, ತಲೆ ಅಲ್ಲಾಡಿಸಿದರು. "ಸಕ್ಕರೆ ಇಷ್ಟಿದ್ರೆ ಡಾಕ್ಟ್ರು ಕಣ್ಣು ಮುಟ್ಟಲ್ಲ. ಗಾಯ ಮಾಯೋದಿಲ್ಲ, ಕೀವು ತುಂಬಿದ್ರೆ ಇರೋ ಕಣ್ಣೂ ಹೋಗುತ್ತೆ. ಇಳಿಸಿಕೊಂಡು ಬನ್ನಿ. ಆದ್ರೆ ಕಣ್ಣಿನ ಡಾಕ್ಟ್ರು ಇಲ್ಲಿರೋದು ಈ ಚಳಿಗಾಲ ಮುಗಿಯೋವರೆಗೆ ಮಾತ್ರ. ಅದು ತಪ್ಪಿದ್ರೆ ಮುಂದಿನ ವರ್ಷವೇ." ಆಮೇಲೆ ನನ್ನ ಕಡೆ ತಿರುಗಿ, ಮೈದಾ ಬೇಡ, ಸಕ್ಕರೆ ಬೇಡ, ಕಾಳು ಕೊಡಿ, ಸೊಪ್ಪು ಕೊಡಿ, ಮೊಟ್ಟೆ ಕೊಡಿ ಎಂದರು. ಕೇಳುವುದಕ್ಕೆ ಎಷ್ಟು ಚೆನ್ನ!

ನಮ್ಮ ಮನೆಯ ಊಟ ನಾವು ಆರಿಸಿದ್ದಲ್ಲ. ಗಂಡ ದೂರದ ಊರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಕೆಲಸ ಸಿಕ್ಕಿದ ವಾರ ಹಣ ಬರುತ್ತದೆ, ಸಿಗದ ವಾರ ಫೋನು ಬರುತ್ತದೆ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತೇನೆ. ಅದು ಬಾಡಿಗೆಗೆ, ಔಷಧಿಗೆ ಸರಿಹೋಗುತ್ತದೆ. ಹೊಟ್ಟೆಗೆ ಮಾತ್ರ ವಾರಕ್ಕೊಮ್ಮೆ, ಪುಕ್ಕಟೆ ಹಂಚುವ ಆಹಾರ ಕೇಂದ್ರದ ಮುಂದೆ ಸಾಲಿನಲ್ಲಿ ನಿಂತು ತರುವ ಬಾಕ್ಸೇ ಗತಿ. ಅದರಲ್ಲಿ ಮೈದಾ, ಸಕ್ಕರೆ, ಎಣ್ಣೆ, ಒಂದು ಜಾಮ್ ಬಾಟಲಿ, ಡಬ್ಬಿಯಲ್ಲಿ ಬೇಯಿಸಿಟ್ಟ ಕಾಳು. ಅದೃಷ್ಟವಿದ್ದರೆ ಕ್ಯಾರೆಟ್ಟು, ಕೋಸು. ಕೊಡುವವರನ್ನು ಬೈಯುವುದು ತಪ್ಪು, ಅದಕ್ಕೇ ನಾನು ಮನೆಗೆ ಬಂದ ಮೇಲೆ ಬೈಯುತ್ತಿದ್ದೆ.

ಬೈದರೆ ಸಕ್ಕರೆ ಇಳಿಯುತ್ತದೆಯೇ? ಸೆರಗು ಬಿಗಿದುಕೊಂಡು ನಿಂತೆ. ಡಬ್ಬಿಯ ಕಾಳನ್ನು ನೀರಿನಲ್ಲಿ ಜಾಲಿಸಿ ಉಪ್ಪು ಇಳಿಸಿದೆ. ಕೋಸಿನ ಮೇಲಿನ ದಪ್ಪ ಎಲೆಯನ್ನೂ ಬಿಸಾಡದೆ ಸಣ್ಣಗೆ ಹೆಚ್ಚಿ ಬೇಯಿಸಿದೆ. ಮಾವನವರು ಚಮಚ ಬಾಯಿಗಿಟ್ಟು, "ಇದೇನಮ್ಮ, ದನಕ್ಕೆ ಹಾಕಿ ಮಿಕ್ಕಿದ್ದಾ?" ಎಂದರು. "ಹೂಂ, ಅವು ಬೇಡ ಅಂದ್ವು, ನಿಮಗೆ ತಂದೆ" ಎಂದೆ. ತಟ್ಟೆ ಖಾಲಿ ಮಾಡಿದರು.

ಇನ್ನು ಮೈದಾ, ಸಕ್ಕರೆ, ಜಾಮು ಮನೆಯಲ್ಲಿದ್ದರೆ ಬೆಕ್ಕಿನ ಮುಂದೆ ಹಾಲು ಇಟ್ಟು ಕಾಯುವ ಕೆಲಸ. ಕೆಳಗಿನ ಮನೆಯ ಬಟನ್ ಅಜ್ಜಿಯ ನೆನಪಾಯಿತು. ಅಜ್ಜಿ ಸಂತೆಯ ಮೂಲೆಯಲ್ಲಿ ಬಟನ್ನು, ಝಿಪ್ಪು, ದಾರ ಮಾರುತ್ತಾರೆ. ಒಂಟಿ ಜೀವ, ಒಳ್ಳೆಯ ಜೀವ. ಬಾಕ್ಸಿನ ಸಕ್ಕರೆ, ಮೈದಾ, ಜಾಮು ತೆಗೆದುಕೊಂಡು ಹೋಗಿ, "ಅಜ್ಜಿ, ಇದನ್ನ ಇಟ್ಕೊಂಡು ಸಂತೆಯಿಂದ ಸ್ವಲ್ಪ ಸೊಪ್ಪು ತಂದ್ಕೊಡ್ತೀರಾ?" ಎಂದೆ. ಅವರು ಒಂದು ಕಟ್ಟು ಸೊಪ್ಪು ಕೊಟ್ಟರು. ಅಷ್ಟಕ್ಕೇ ನನಗೆ ಖುಷಿ. ಮುಂದಿನ ವಾರದಿಂದ ಎರಡು ಕಟ್ಟು ಸೊಪ್ಪು, ಹಸಿ ಬಟಾಣಿ, ಒಂದು ಟ್ರೇ ಮೊಟ್ಟೆ!

ನನಗೆ ನನ್ನ ಜಾಣತನದ ಮೇಲೆ ಪ್ರೀತಿ ಉಕ್ಕಿ ಬಂತು. ಒಂದು ಚೀಲ ಸಕ್ಕರೆಗೆ ಇಷ್ಟೆಲ್ಲ ಯಾರು ಕೊಡುತ್ತಾರೆ? ಪಾಪ, ಮುದುಕಿಗೆ ವ್ಯಾಪಾರ ಗೊತ್ತಿಲ್ಲ ಎಂದು ಮರುಕವನ್ನೂ ಪಟ್ಟೆ. ಫೋನಿನಲ್ಲಿ ಗಂಡನಿಗೆ, "ನಾನು ಸಂತೆಯಲ್ಲಿ ಕೂತಿದ್ರೆ ಇಷ್ಟೊತ್ತಿಗೆ ಸ್ವಂತ ಮನೆ ಕಟ್ಟಿರ್ತಿದ್ದೆ" ಎಂದು ಕೊಚ್ಚಿಕೊಂಡೆ. ಮಾವನವರು ಮೊಟ್ಟೆ ತಿನ್ನುತ್ತ, "ನಮ್ಮ ಸೊಸೆ ಬಲು ಚಾಲಾಕು" ಎಂದು ಗಟ್ಟಿಯಾಗಿ ದನಿಗೂಡಿಸಿದರು. ಅವರ ಮುಖ ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ನನ್ನ ಜಂಬದಲ್ಲಿದ್ದೆ.

ಮತ್ತೆ ಆಸ್ಪತ್ರೆಗೆ ಹೋದೆವು. ನರ್ಸಮ್ಮ ಯಂತ್ರ ನೋಡಿ, ನನ್ನನ್ನು ನೋಡಿ, "ಏನಮ್ಮ ಇದು, ಮೊದಲಿಗಿಂತ ಏರಿದೆಯಲ್ಲ! ಮನೇಲಿ ಏನು ಹಾಕ್ತಿದೀರಾ ಇವರಿಗೆ?" ಎಂದರು. ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. "ಸೊಪ್ಪು ಹಾಕ್ತಿದೀನಿ ಸಿಸ್ಟರ್! ಕಾಳು ಹಾಕ್ತಿದೀನಿ!" ಎಂದೆ. "ಹೌದು ಹೌದು, ಬರೀ ಸೊಪ್ಪೇ" ಎಂದು ಮಾವನವರು ಸಾಧುವಿನ ಹಾಗೆ ತಲೆಯಾಡಿಸಿದರು. ಚಳಿಗಾಲ ಮುಗಿಯಲು ಇನ್ನೇನು ಸ್ವಲ್ಪ ದಿನವಿತ್ತು. ಇನ್ನೊಂದು ಸಲ ನೋಡೋಣ, ಅದೇ ಕೊನೆ ಎಂದು ಕಳಿಸಿದರು.

ಮನೆಗೆ ಬಂದು ಅವರ ದಿಂಬು ಬಿಚ್ಚಿದೆ, ಹಾಸಿಗೆ ಕೊಡವಿದೆ, ಕೋಟಿನ ಜೇಬು ತಿರುವಿದೆ. ಒಂದು ಚಾಕೊಲೇಟ್ ಕಾಗದವಾದರೂ ಸಿಗಬಾರದೇ? ಏನೂ ಇಲ್ಲ. ಅವರು ಕುರ್ಚಿಯಲ್ಲಿ ಕೂತು, "ಹುಡುಕಮ್ಮ, ಹುಡುಕು, ನನ್ನ ಹಳೇ ಬಾಚಣಿಗೆ ಸಿಕ್ಕಿದ್ರೂ ಕೊಡು" ಎಂದರು. ಹಲ್ಲು ಕಡಿದುಕೊಂಡೆ. ಅಡುಗೆಮನೆಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನಾನು ಕೆಲಸಕ್ಕೆ ಹೋದಾಗ ಏನಾಗುತ್ತದೆ ಎಂದು ಮಾತ್ರ ಯೋಚಿಸಲಿಲ್ಲ. ಕಣ್ಣು ಕಾಣದ ಮನುಷ್ಯ ಎಲ್ಲಿಗೆ ಹೋದಾರು?

ಒಂದು ಮಧ್ಯಾಹ್ನ ಲಾಂಡ್ರಿಯ ಬಾಯ್ಲರ್ ಕೈಕೊಟ್ಟಿತು. ಮೇಸ್ತ್ರಿ ನಮ್ಮನ್ನೆಲ್ಲ ಮನೆಗೆ ಕಳಿಸಿದ. ಮೆಟ್ಟಿಲ ಹತ್ತಿರ ಬರುತ್ತಿದ್ದಂತೆ ಮೂಗಿಗೆ ಬಡಿಯಿತು ಘಮ. ಬೆಣ್ಣೆಯದಲ್ಲ, ಬೆಣ್ಣೆ ಯಾರ ಮನೆಯಲ್ಲಿದೆ? ಸಕ್ಕರೆ ಕೆಂಪಾಗುವ ಘಮ. ಅಜ್ಜಿಯ ಬಾಗಿಲು ತೆರೆದೇ ಇತ್ತು.

ಒಳಗೆ ನಮ್ಮ ಮಾವನವರು! ಸೊಂಟಕ್ಕೆ ಟವೆಲ್ಲು, ತೋಳು ಮಡಚಿದ ಅಂಗಿ, ಕೈಗೆಲ್ಲ ಮೈದಾ. ಅಜ್ಜಿ ಓವನ್ನಿನಿಂದ ತಟ್ಟೆ ಎಳೆದರು. ಮಾವನವರು ಒಂದು ಬಿಸ್ಕತ್ತು ಎತ್ತಿ, ಮುರಿದು, ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. "ಇನ್ನೂ ಸ್ವಲ್ಪ ಬೇಕು" ಎಂದರು. ತಟ್ಟೆ ಒಳಗೆ ಹೋಯಿತು, ಮತ್ತೆ ಹೊರಗೆ ಬಂತು. ಮತ್ತೊಂದು ಬಿಸ್ಕತ್ತು ಬಾಯಿಗೆ ಹೋಯಿತು.

"ಮಾವಾ!" ಎಂದು ಕಿರುಚಿದೆ. ಅಜ್ಜಿಯ ಕೈಯಿಂದ ತಟ್ಟೆ ಬೀಳುವುದೊಂದು ಬಾಕಿ.

"ತಿಂತಾ ಇಲ್ಲಮ್ಮ" ಎಂದರು ಅವರು, ಬಾಯಿ ತುಂಬ ಬಿಸ್ಕತ್ತು ಇಟ್ಟುಕೊಂಡು. "ರುಚಿ ನೋಡ್ತಾ ಇದೀನಿ. ರುಚಿ ನೋಡೋದು ಬೇರೆ, ತಿನ್ನೋದು ಬೇರೆ. ಬೇಕರಿಯೋನು ರುಚಿ ನೋಡದೆ ತಟ್ಟೆ ಇಳಿಸ್ತಾನಾ?"

"ನಿಮ್ಮ ಹೊಟ್ಟೆಗೆ ಆ ವ್ಯತ್ಯಾಸ ಗೊತ್ತಾ?"

"ಮೊದಲೆಲ್ಲ ಇಷ್ಟು ರುಚಿ ನೋಡ್ತಿರಲಿಲ್ಲ, ದಿನಕ್ಕೆ ಒಂದೇ ಸಾಕಿತ್ತು. ಬಣ್ಣ ನೋಡಿ ಹೇಳ್ತಿದ್ದೆ. ಈಗ ಬಣ್ಣ ಎಲ್ಲಿ ಕಾಣುತ್ತೆ? ತಟ್ಟೆ ತಟ್ಟೆಗೂ ನಾಲಿಗೆಯನ್ನೇ ಕೇಳಬೇಕು." ಇದನ್ನು ಅವರು ತಮಾಷೆಗೆ ಹೇಳಲಿಲ್ಲ.

ನಾನು ಅಜ್ಜಿಯ ಕಡೆ ತಿರುಗಿದೆ. "ನೀವಾದ್ರೂ ಹೇಳಬಾರದಿತ್ತಾ ಅಜ್ಜಿ? ಈ ಮನುಷ್ಯನ ಕಣ್ಣು ಹೋಗ್ತಾ ಇದೆ, ಇವರ ಕೈಲಿ ಬಿಸ್ಕತ್ತು ಸುಡಿಸ್ತೀರಲ್ಲ! ನಾನು ಸಕ್ಕರೆ ಕೊಟ್ಟಿದ್ದು ಇದಕ್ಕಾ?"

ಅಜ್ಜಿ ನಿಧಾನವಾಗಿ ತಟ್ಟೆ ಕೆಳಗಿಟ್ಟರು. "ತಾಯಿ, ನಿನ್ನ ಒಂದು ಚೀಲ ಸಕ್ಕರೆಗೆ ಮೊಟ್ಟೆ ಯಾರು ಕೊಡ್ತಾರೆ ಅಂದ್ಕೊಂಡಿದ್ದೆ? ಮೊದಲನೇ ವಾರ ಕೊಟ್ಟ ಸೊಪ್ಪು ನನ್ನ ಊಟದ್ದು. ಆಮೇಲೆ ಇವರೇ ಬಂದ್ರು, ಗೋಡೆ ಹಿಡ್ಕೊಂಡು. ನಿಮ್ಮ ಓವನ್ ಕೊಡಿ, ನಾನು ಬಿಸ್ಕತ್ತು ಮಾಡ್ಕೊಡ್ತೀನಿ, ನೀವು ಸಂತೆಯೋರಿಗೆ ಕೊಟ್ಟು ಮೊಟ್ಟೆ, ಸೊಪ್ಪು ಈಸ್ಕೊಳ್ಳಿ ಅಂದ್ರು. ಮೊಟ್ಟೆಯೋಳು ಈಗ ಇವರ ಬಿಸ್ಕತ್ತಿಲ್ಲದೆ ಚಹಾ ಕುಡಿಯಲ್ಲ. ಸೊಸೆಗೆ ಹೇಳಬೇಡಿ, ಬಹಳ ಖುಷಿಯಾಗಿದಾಳೆ ಅಂತ ಕೈ ಮುಗಿದ್ರು."

ಅವರ ಸಕ್ಕರೆ ಇಳಿಸಲು ನಾನು ಬೇಯಿಸುತ್ತಿದ್ದ ಪ್ರತಿಯೊಂದು ಮೊಟ್ಟೆಗೂ ಅವರು ಕೆಳಗೆ ಸಕ್ಕರೆ ತಿಂದು ಬಂದಿದ್ದರು. ವ್ಯಾಪಾರ ಗೊತ್ತಿಲ್ಲದವಳು ಬಟನ್ ಅಜ್ಜಿಯಲ್ಲ. ಸಿಟ್ಟು ಬಂತು, ನಾಚಿಕೆಯೂ ಬಂತು. ಎರಡೂ ಒಟ್ಟಿಗೆ ಬಂದಾಗ ನಾನು ಸಿಟ್ಟನ್ನೇ ಆರಿಸುವವಳು.

"ಇವತ್ತಿಗೆ ಇದು ಬಂದ್! ಮೊಟ್ಟೆಯೂ ಬೇಡ, ಏನೂ ಬೇಡ."

"ಹಾಗಾದ್ರೆ ತಿನ್ನೋದೇನು?" ಎಂದರು ಮಾವನವರು. "ಡಬ್ಬಿ ಕಾಳು, ಮೈದಾ ರೊಟ್ಟಿ. ಅದರಲ್ಲೂ ಇಳಿಯಲ್ಲ. ನಾನು ಲೆಕ್ಕ ಹಾಕಿದೀನಮ್ಮ." ಅವರು ಮೈದಾ ಮೆತ್ತಿದ ಕೈಯನ್ನು ಟವೆಲ್ಲಿಗೆ ಒರೆಸಿಕೊಂಡರು. ನಾನಿರುವ ಕಡೆ ಎಂದುಕೊಂಡು ಅವರು ನೋಡುತ್ತಿದ್ದದ್ದು ಬಾಗಿಲನ್ನು.

ಅದನ್ನು ನೋಡಿ ನನ್ನ ಸಿಟ್ಟು ಕಾಲು ಕಿತ್ತಿತು. "ಸರಿ. ಮಾಡಿ. ಆದ್ರೆ ಒಂದು ಚೂರೂ ನಿಮ್ಮ ಬಾಯಿಗೆ ಹೋಗಬಾರದು. ಅಜ್ಜಿ ರುಚಿ ನೋಡ್ಲಿ."

"ಇವರಾ?" ಮಾವನವರು ಮೂಗು ಮುರಿದರು. "ಇವರಿಗೆ ಇಟ್ಟಿಗೆ ಚೂರು ಕೊಟ್ರೂ ಚೆನ್ನಾಗಿದೆ ಯಜಮಾನ್ರೇ ಅಂತಾರೆ. ನಂಬೋಕಾಗಲ್ಲ." ಅಜ್ಜಿ ನಾಚಿಕೆಯಿಂದ ಒಪ್ಪಿಕೊಂಡರು. ಮಾವನವರು ಸ್ವಲ್ಪ ಯೋಚಿಸಿ, "ನೀನು ನೋಡು. ಈ ಮನೆಗೆ ಬಂದಾಗಿನಿಂದ ನಿನ್ನ ಬಾಯಲ್ಲಿ ಒಂದನ್ನಾದ್ರೂ ಚೆನ್ನಾಗಿದೆ ಅಂದಿದ್ದು ನಾನು ಕೇಳಿಲ್ಲ. ಅಂಥವರೇ ಬೇಕು ಈ ಕೆಲಸಕ್ಕೆ" ಎಂದರು.

ಹೊಗಳಿದರೋ ತೆಗಳಿದರೋ, ಕೆಲಸವಂತೂ ಸಿಕ್ಕಿತು. ಲಾಂಡ್ರಿಯಿಂದ ಬಂದವಳೇ ಅಜ್ಜಿಯ ಮನೆಗೆ. ಬಣ್ಣ ನೋಡಿ ಹೇಳಬೇಕು, ಮುರಿದು ಸದ್ದು ಕೇಳಿಸಬೇಕು, ನಾಲಿಗೆಯ ತುದಿಯಲ್ಲಿಟ್ಟು ಹೇಳಬೇಕು. "ಹೇಗಿದೆ?" ಎಂದರೆ "ಕೆಟ್ಟದಾಗಿದೆ" ಎನ್ನುತ್ತಿದ್ದೆ. "ಕೆಟ್ಟದು ಅಂದ್ರೆ ಯಾವ ಥರ ಕೆಟ್ಟದು? ಹಸಿಯಾ, ಕಹಿಯಾ? ಬರೀ ಬೈಯೋದಲ್ಲ, ಕಾರಣ ಹೇಳಿ ಬೈಯಿ" ಎಂದು ಪಾಠ ಮಾಡುತ್ತಿದ್ದರು. ಬಾಯಿಗೆ ಹಾಕಿಕೊಳ್ಳಲು ಅವರ ಕೈ ತಾನಾಗಿ ತಟ್ಟೆಗೆ ಹೋದಾಗಲೆಲ್ಲ ಮರದ ಚಮಚದಿಂದ ಒಂದು ಬಿಗಿಯುತ್ತಿದ್ದೆ. "ಹೊಡೀತಾಳೆ ನೋಡಿ ಅಜ್ಜಿ" ಎಂದು ದೂರುತ್ತಿದ್ದರು. "ಚೆನ್ನಾಗಿದೆ" ಎನ್ನುತ್ತಿದ್ದರು ಅಜ್ಜಿ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ನನಗೆ ಊಟ ಸೇರಲಿಲ್ಲ. ಮಾವನವರು ಮಾತ್ರ ಶಾಂತವಾಗಿದ್ದರು. "ಕಾಣದಿದ್ರೂ ಏನಂತೆ, ನೀನು ಎಲ್ಲಿದೀಯ ಅಂತ ನಾಲ್ಕು ಬೀದಿ ಆಚೆಗೂ ಕೇಳುತ್ತೆ" ಎಂದರು. ಅದನ್ನು ಹೇಳುತ್ತಲೇ, ಆಸ್ಪತ್ರೆಯ ಚೀಟಿ ಜೇಬಿನಲ್ಲಿದೆಯೇ ಎಂದು ಮೂರನೇ ಸಲ ಮುಟ್ಟಿ ನೋಡಿಕೊಂಡರು. ಅವರಿಗೂ ಹೆದರಿಕೆಯಿತ್ತು.

ನರ್ಸಮ್ಮ ಬೆರಳು ಚುಚ್ಚಿದರು. ಯಂತ್ರ ನೋಡಿದರು. ಇನ್ನೊಂದು ಬೆರಳು ಚುಚ್ಚಿ ಮತ್ತೆ ನೋಡಿದರು. "ಪರವಾಗಿಲ್ಲಮ್ಮ, ಇಳಿಸಿಬಿಟ್ಟಿದೀರಲ್ಲ! ಒಂದು ಕಣ್ಣು ಮೊದಲು ಮಾಡಿಬಿಡೋಣ" ಎಂದರು. ನಾನು ಅಲ್ಲೇ, ಎಲ್ಲರ ಮುಂದೆ, ಗಳಗಳ ಅತ್ತುಬಿಟ್ಟೆ. "ಬೈಯೋದು ಮಾತ್ರ ಬರುತ್ತೆ ಅಂದ್ಕೊಂಡಿದ್ದೆ" ಎಂದರು ಮಾವನವರು.

ಆಪರೇಷನ್ ಆದ ಮಾರನೆಯ ದಿನ ಪಟ್ಟಿ ಬಿಚ್ಚಿದರು. ಮಾವನವರು ರೆಪ್ಪೆ ಬಡಿದು ಮೊದಲು ಕಿಟಕಿ ನೋಡಿದರು. ಆಮೇಲೆ ನರ್ಸಮ್ಮನನ್ನು ನೋಡಿ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಏನಾದರೂ ಕಿಚಾಯಿಸುತ್ತಾರೆ ಎಂದು ನಾನು ಉತ್ತರ ಸಿದ್ಧಮಾಡಿಕೊಂಡು ನಿಂತಿದ್ದೆ. ಅವರು ಬಹಳ ಹೊತ್ತು ನೋಡಿದರು.

"ಇಷ್ಟೇ ಇದೀಯಾ?" ಎಂದರು.

"ಏನು ಮಾವ?"

"ದನಿ ಕೇಳಿ ಕೇಳಿ, ಮೊದಲಿನ ಹಾಗೇ ಗುಂಡಗೆ ಇದಾಳೆ ಅಂದ್ಕೊಂಡಿದ್ದೆ. ಮುಖದಲ್ಲಿ ಮೂಳೆ ಬಿಟ್ಟು ಏನೂ ಇಲ್ವಲ್ಲಮ್ಮ. ಮೊಟ್ಟೆ ಎಲ್ಲ ನನಗೇ ಹಾಕ್ತಿದ್ಯಾ?"

ಸಿದ್ಧಮಾಡಿಕೊಂಡಿದ್ದ ಉತ್ತರ ಯಾವುದೂ ಅದಕ್ಕೆ ಹೊಂದಲಿಲ್ಲ. "ಕಣ್ಣಿಗೆ ಔಷಧಿ ಹಾಕಬೇಕು, ಮಾತಾಡಬೇಡಿ" ಎಂದೆ. ಕಣ್ಣಿಗೂ ಮಾತಿಗೂ ಏನು ಸಂಬಂಧವೋ ದೇವರೇ ಬಲ್ಲ.

ಅವತ್ತು ಸಂಜೆ ಮನೆಯಲ್ಲಿ ಅವರ ತಟ್ಟೆಗೆ ಬಡಿಸಿದೆ. ಮುಟ್ಟಲಿಲ್ಲ. ಎದ್ದು ಹೋಗಿ, ಗೋಡೆ ಹಿಡಿಯದೆ, ಇನ್ನೊಂದು ತಟ್ಟೆ ತಂದು ಎದುರಿಗಿಟ್ಟರು. ಸೊಪ್ಪು ಅರ್ಧ, ಕಾಳು ಅರ್ಧ, ಮೊಟ್ಟೆಯನ್ನು ಚಮಚದಲ್ಲಿ ಸರಿಯಾಗಿ ಎರಡು ಹೋಳು. "ಕೂತ್ಕೋ" ಎಂದರು. ನಾನು ಅಡುಗೆಮನೆಯಲ್ಲಿ ಆಮೇಲೆ ತಿನ್ನುತ್ತೇನೆ ಎಂದೆ. ಅವರು ನನ್ನನ್ನೇ ನೋಡಿದರು.

ಕೂತೆ. ಉಂಡೆ. ನನ್ನ ತಟ್ಟೆ ಖಾಲಿಯಾಗುವವರೆಗೂ ಅವರು ತಮ್ಮ ಚಮಚ ಎತ್ತಲಿಲ್ಲ, ಒಂದೊಂದು ತುತ್ತನ್ನೂ ನೋಡುತ್ತಿದ್ದರು. ಒಂದು ಕಣ್ಣಿಗೇ ಇಷ್ಟಾದರೆ, ಮುಂದಿನ ವರ್ಷ ಇನ್ನೊಂದೂ ತೆರೆದ ಮೇಲೆ ನನ್ನ ಗತಿ ಏನು ಹೇಳಿ?